ಉಸಿರ ಜಾಡಿನಲ್ಲಿ ಹೃದಯದ ಚಿತ್ರ



ಮೂವತ್ತು ವರ್ಷಗಳ ಹಿಂದೆ ಮೊದಲ ಬಾರಿಗೆ ನಾನು ಬಾನುಲಿಯ ಮೈಕಿನ ಮುಂದೆ ಕುಳಿತಾಗ, ಗಾಜಿನ ಆಚೆಗಿದ್ದ ಎಂಜಿನಿಯರರು ಕೊಟ್ಟ ಎಚ್ಚರಿಕೆ ಒಂದೇ ಒಂದು. "ಸಾರ್, ಉಸಿರು ಎಳೆದುಕೊಳ್ಳುವಾಗ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಇಲ್ಲದಿದ್ದರೆ ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತದೆ." ಛಂದಸ್ಸಿನ ಪಾಠ ಹೇಳುತ್ತಿದ್ದವನಿಗೆ ಆ ಮಾತು ತಮಾಷೆಯಾಗಿ ಕಂಡಿತು. ಪದ್ಯವನ್ನು ಓದುವವನು ಉಸಿರು ತೆಗೆದುಕೊಳ್ಳಲೆಂದು ಬಿಟ್ಟ ಎಡೆಗೆ ನಮ್ಮ ಲಾಕ್ಷಣಿಕರು ಯತಿ ಎಂದು ಹೆಸರಿಟ್ಟರು. ಸಂಸ್ಕೃತದ ಕವಿಗಳು ಅದನ್ನು ನಿಯಮವಾಗಿ ಪಾಲಿಸಿದರು. ಕನ್ನಡದ ಕವಿಗಳು ಅದನ್ನು ದಾಟಿ ಹೋಗುವುದನ್ನೇ ತಮ್ಮ ಹೆಚ್ಚಳವೆಂದು ಬಗೆದರು. ಆದುದರಿಂದ ಉಸಿರನ್ನು ಮರೆಸಿ ಮಾತನಾಡುವುದು ಕನ್ನಡ ಮೇಷ್ಟರಿಗೆ ಹೊಸ ವಿದ್ಯೆಯೇನಲ್ಲ. ವಾರ್ಧಕ ಷಟ್ಪದಿಯ ಅರ್ಧವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿ, ಹುಡುಗರ ಕಡೆಗೆ ಹೆಮ್ಮೆಯಿಂದ ನೋಡುತ್ತಿದ್ದವನು ನಾನು. ಆ ಹೆಮ್ಮೆ ಕಳೆದ ವರ್ಷ ಆಸ್ಪತ್ರೆಯೊಂದರ ಯಂತ್ರದ ಕೊಳವೆಯೊಳಗೆ ಮುರಿದುಬಿತ್ತು. ಇಂದಿನ ಭಾಷಣ ಆ ಪ್ರಸಂಗದಿಂದ ಹುಟ್ಟಿದ್ದು.

ಮನೆಯ ಮಹಡಿಯ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತ್ತು. ವಯಸ್ಸಿನ ಮೇಲೆ ಹಾಕಿ ಸುಮ್ಮನಿದ್ದೆ. ಮನೆಯವರು ಬಿಡಲಿಲ್ಲ. ಹೃದಯತಜ್ಞರು ಇ.ಸಿ.ಜಿ. ಪಟ್ಟಿಯನ್ನು ಎರಡು ಸಲ ನೋಡಿ, "ಹಿಂದೆ ಯಾವಾಗಲಾದರೂ ಎದೆನೋವು ಬಂದಿತ್ತೆ?" ಎಂದು ಕೇಳಿದರು. ಇಲ್ಲವೆಂದೆ. "ಹೃದಯದ ಕೆಳಗೋಡೆಯಲ್ಲಿ ಹಳೆಯ ಕಲೆಯೊಂದು ಇರಬಹುದೆಂದು ಅನುಮಾನ. ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಬೇರೆ ದಾರಿ. ಎಂ.ಆರ್.ಐ. ಮಾಡಿಸಿ ನೋಡೋಣ" ಎಂದರು.

ಆ ಯಂತ್ರವನ್ನು ಕಂಡವರಿಗೆ ನಾನು ವರ್ಣಿಸಬೇಕಾಗಿಲ್ಲ. ಕಾಣದವರು ಕಾಣದೆಯೇ ಇರಲಿ. ತಣ್ಣನೆಯ ಕೋಣೆ, ಕಿರಿದಾದ ಕೊಳವೆ, ಕಲ್ಲುಕುಟಿಗನು ಕಿವಿಯ ಪಕ್ಕದಲ್ಲೇ ಕುಳಿತು ಉಳಿಯಿಂದ ಹೊಡೆಯುತ್ತಿರುವಂಥ ಸದ್ದು. ಕಿವಿಗೆ ತೊಡಿಸಿದ್ದ ಸಾಧನದಲ್ಲಿ ಮೊದಲು ಒಂದು ಇಂಗ್ಲಿಷ್ ಧ್ವನಿ ಆಜ್ಞೆ ಮಾಡಿತು. ನಾನು ತಬ್ಬಿಬ್ಬಾದುದನ್ನು ಕಂಡು ಹೊರಗಿದ್ದ ತರುಣ ತಾನೇ ಕನ್ನಡದಲ್ಲಿ ಹೇಳತೊಡಗಿದ: "ಉಸಿರು ಎಳೆದುಕೊಳ್ಳಿ... ಬಿಡಿ... ನಿಲ್ಲಿಸಿ!"

ಶ್ರೋತೃಗಳೆ, ಕನ್ನಡದಲ್ಲಿ ಉಸಿರನ್ನು ಹಿಡಿಯಬಹುದು, ಬಿಗಿಹಿಡಿಯಬಹುದು, ತಡೆಯಬಹುದು. ಉಸಿರು ಕಟ್ಟಿತು ಎಂದರೆ ಅಪಾಯ. ಉಸಿರು ನಿಂತಿತು ಎಂದರೆ ಮುಂದಿನ ಕೆಲಸಕ್ಕೆ ಪುರೋಹಿತರನ್ನು ಕರೆಯಬೇಕು. ಅರವತ್ತೇಳನೆಯ ವಯಸ್ಸಿನಲ್ಲಿ, ಹೃದಯದ ಮೇಲೆ ಅನುಮಾನವಿಟ್ಟುಕೊಂಡು ಕತ್ತಲೆಯಲ್ಲಿ ಮಲಗಿರುವವನಿಗೆ "ನಿಲ್ಲಿಸಿ" ಎಂದರೆ ಎದೆ ಝಲ್ಲೆನ್ನದೆ ಇದ್ದೀತೆ? ಆ ತರುಣನ ಉದ್ದೇಶ ಒಳ್ಳೆಯದೇ. ಆದರೂ ಪದ ಪದವೇ.

ಪದದ ಮಾತು ಹಾಗಿರಲಿ. ಉಸಿರನ್ನು ಹೊರಬಿಟ್ಟ ಮೇಲೆ ತಡೆಯುವುದು, ಅಂದರೆ ಯೋಗಶಾಸ್ತ್ರ ಬಾಹ್ಯ ಕುಂಭಕವೆನ್ನುವುದು, ತುಂಬಿಕೊಂಡು ತಡೆಯುವುದಕ್ಕಿಂತ ಬಹಳ ಕಷ್ಟ. ಹತ್ತು ಹದಿನೈದು ಸೆಕೆಂಡು, ಸ್ವಲ್ಪ ಬಿಡುವು, ಮತ್ತೆ ಅದೇ. ಹೀಗೆ ಹತ್ತಾರು ಸಲ. ಮೊದಲ ಐದಾರು ಸಲ ಹೇಗೋ ನಿಭಾಯಿಸಿದೆ. ಆಮೇಲೆ ಎಂಟು ಎಣಿಸುವಷ್ಟರಲ್ಲಿ ಎದೆ ತಾನಾಗಿ ಏರಿಬಿಡುತ್ತಿತ್ತು. ವಾರದ ನಂತರ ಕೈಗೆ ಬಂದ ವರದಿಯಲ್ಲಿ, ಉಸಿರಾಟದ ಚಲನೆಯಿಂದ ಚಿತ್ರಗಳು ಕಲಸಿಹೋಗಿವೆಯೆಂದೂ ಕೆಳಗೋಡೆಯ ವಿಷಯ ನಿಶ್ಚಯವಾಗಿ ಹೇಳಲಾಗದೆಂದೂ ಬರೆದಿತ್ತು. ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಮುಖ ಹೇಗಿರುತ್ತದೆಂದು ಮೂವತ್ತಾರು ವರ್ಷ ನೋಡಿದ್ದೇನೆ. ಅಂದು ನನ್ನ ಮುಖವೂ ಹಾಗೆಯೇ ಇದ್ದಿರಬೇಕು.

ನನಗಿಂತ ಮೊದಲು ಒಳಗೆ ಹೋಗಿಬಂದ ಒಬ್ಬ ಹೆಂಗಸಿನ ಮಾತು ಇಲ್ಲಿ ನೆನಪಾಗುತ್ತದೆ. ಮಾಗಡಿಯ ಕಡೆಯವರು. ಹೊರಗೆ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಒಳಗೆ ಅದೇನೋ ಹೇಳ್ತಾನೇ ಇತ್ತು ಸ್ವಾಮಿ, ನಂಗೊಂದೂ ತಿಳೀಲಿಲ್ಲ. ಕೇಳಿದಾಗೆಲ್ಲ ಹೂಂ ಹೂಂ ಅಂತಿದ್ದೆ" ಎಂದರು. ಉಸಿರು ಹಿಡಿಯಬೇಕಾದ ಪ್ರತಿ ಸಲವೂ ಆಕೆ ಯಂತ್ರಕ್ಕೆ ಮರ್ಯಾದೆಯಿಂದ ಹೂಂಗುಟ್ಟಿದ್ದಾರೆ. ಆ ಚಿತ್ರಗಳು ಏನಾದುವೋ!

ಇಷ್ಟಾದ ಮೇಲೆ, ಈ ಉಸಿರಿಗೂ ಹೃದಯದ ಚಿತ್ರಕ್ಕೂ ಯಾವ ಜನ್ಮದ ವೈರ ಎಂಬುದನ್ನು ತಿಳಿದುಕೊಳ್ಳದೆ ಬಿಡಬಾರದೆನ್ನಿಸಿತು. ಕೆಲಸದಿಂದ ನಿವೃತ್ತನಾದವನಿಗೆ ಕಾಲಕ್ಕೆ ಕೊರತೆಯಿಲ್ಲ. ವೈದ್ಯನಾದ ಹಳೆಯ ಶಿಷ್ಯನೊಬ್ಬ ತಾಳ್ಮೆಯಿಂದ ವಿವರಿಸಿದ. ಕೆಲವು ಲೇಖನಗಳನ್ನೂ ಓದಲು ಕೊಟ್ಟ. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ನಾವು ಹೃದಯವೆಂದಾಗ ಎದೆಯ ನಡುವೆ ಎಲ್ಲಿಯೋ ಭದ್ರವಾಗಿ ನಾಟಿಕೊಂಡಿರುವ ವಸ್ತುವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದು ಕುಳಿತಿರುವುದು ಒಂದು ಉಯ್ಯಾಲೆಯ ಮೇಲೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಕವಿದಿರುವ ಸ್ನಾಯುವಿನ ಹಾಳೆಗೆ ವಪೆ ಎಂದು ಹೆಸರು. ಹೃದಯವನ್ನು ಸುತ್ತಿರುವ ಚೀಲದ ತಳ ಈ ವಪೆಗೆ ಅಂಟಿಕೊಂಡಿದೆ. ಉಸಿರೆಳೆದಾಗ ವಪೆ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಸುಮ್ಮನೆ ಮಲಗಿ ಉಸಿರಾಡುವಾಗಲೂ ಈ ಏರಿಳಿತ ಒಂದರಿಂದ ಎರಡು ಸೆಂಟಿಮೀಟರಿನಷ್ಟು. ವಪೆ ಒಂದು ಸೆಂಟಿಮೀಟರ್ ಸರಿದರೆ ಹೃದಯ ಸರಾಸರಿ ಅದರ ಹತ್ತರಲ್ಲಿ ಆರು ಪಾಲು ಸರಿಯುತ್ತದೆಂದು 1995ರಲ್ಲಿ ವಾಂಗ್, ರೀಡರರ್, ಎಹ್‌ಮನ್ ಎಂಬ ಮೂವರು ಅಳೆದು ಹೇಳಿದರು. ಆರು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಹೃದಯಕ್ಕೆ ರಕ್ತವನ್ನೊಯ್ಯುವ ಕಿರೀಟಧಮನಿಗಳ ಅಗಲವೇ ಮೂರು ನಾಲ್ಕು ಮಿಲಿಮೀಟರ್. ಚಿತ್ರ ತೆಗೆಯುವಷ್ಟರಲ್ಲಿ ಆ ನಾಳ ತನ್ನ ಅಗಲಕ್ಕಿಂತ ಹೆಚ್ಚು ದೂರ ಪ್ರಯಾಣ ಮಾಡಿ ಬಂದಿರುತ್ತದೆ.

ಹೃದಯ ತಾನೂ ಬಡಿಯುತ್ತಿರುತ್ತದೆಯಲ್ಲ? ದಿನಕ್ಕೆ ಒಂದು ಲಕ್ಷ ಬಡಿತ. ಉಸಿರು ಇಪ್ಪತ್ತು ಸಾವಿರ. ಎರಡೂ ಒಂದೇ ತಾಳಕ್ಕೆ ಕೂಡುವುದಿಲ್ಲ. ಆದರೆ ಒಂದನ್ನೊಂದು ಬಿಟ್ಟೂ ಇಲ್ಲ: ಉಸಿರೆಳೆದಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಜರ್ಮನಿಯ ಕಾರ್ಲ್ ಲುಡ್‌ವಿಗ್ ಎಂಬ ಶರೀರಶಾಸ್ತ್ರಜ್ಞ 1847ರಲ್ಲಿ ತಿರುಗುವ ಉರುಳೆಯ ಮೇಲೆ ರಕ್ತದ ಒತ್ತಡ ತಾನೇ ಗೆರೆಯಾಗಿ ಬರೆದುಕೊಳ್ಳುವ ಯಂತ್ರವನ್ನು ಮಾಡಿದ. ಅದನ್ನು ಅವನು ಮಾಡಿದ್ದೇ ಉಸಿರಾಟದ ಚಲನೆ ರಕ್ತದ ಓಟವನ್ನು ಹೇಗೆ ಬದಲಿಸುತ್ತದೆಂದು ನೋಡಲಿಕ್ಕಾಗಿ. ಅವನಿಗೆ ಬೇಕಾಗಿದ್ದ ವಿಷಯವೇ ನೂರೈವತ್ತು ವರ್ಷಗಳ ನಂತರ ಬೇಡದ ಕಾಟವಾಗಿ ಬಂದದ್ದು ಒಂದು ವಿಚಿತ್ರ.

ಹೃದಯದ ಬಡಿತವನ್ನು ಯಂತ್ರ ಬಹುಮಟ್ಟಿಗೆ ಗೆದ್ದಿದೆ. ಎದೆಗೆ ಅಂಟಿಸಿದ ಇ.ಸಿ.ಜಿ. ತಂತಿಗಳಿಂದ ಬಡಿತದ ಸುಳಿವನ್ನು ಹಿಡಿದು, ಎರಡು ಬಡಿತಗಳ ನಡುವೆ ಹೃದಯ ಕ್ಷಣಮಾತ್ರ ವಿರಮಿಸುವ ಹೊತ್ತಿನಲ್ಲಷ್ಟೇ ಸಂಜ್ಞೆಗಳನ್ನು ಸಂಗ್ರಹಿಸಬಹುದು. ತೊಂದರೆಯಿರುವುದು ಉಸಿರಿನಲ್ಲಿ. ಅದು ಅರ್ಧ ನಮ್ಮ ಮಾತು ಕೇಳುತ್ತದೆ, ಅರ್ಧ ಕೇಳುವುದಿಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು. ಎಂ.ಆರ್.ಐ. ಎಂಬುದು ಛಾಯಾಚಿತ್ರದ ಪೆಟ್ಟಿಗೆಯಲ್ಲ. ಅದು ನಿಮ್ಮ ಮನೆಯ ರೇಡಿಯೋವಿನ ದಾಯಾದಿ. ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಪಟ್ಟು ಬಲವುಳ್ಳ ಅಯಸ್ಕಾಂತದೊಳಗೆ ನಮ್ಮನ್ನು ಮಲಗಿಸಿ, ರೇಡಿಯೋ ತರಂಗವನ್ನು ಹಾಯಿಸಿದಾಗ, ಮೈಯಲ್ಲಿರುವ ನೀರಿನ ಜಲಜನಕದ ಕಣಗಳು ಮರುನುಡಿಯುತ್ತವೆ. ಆ ಮರುನುಡಿಯನ್ನು ಯಂತ್ರ ಆಲಿಸುತ್ತದೆ. ಎಫ್.ಎಂ. ಬಾನುಲಿಯ ಪಟ್ಟಿ 88ರಿಂದ 108 ಮೆಗಾಹರ್ಟ್ಸ್. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ತರಂಗ ಸುಮಾರು 64. ನೆರೆಹೊರೆಯವೇ ಎನ್ನಬಹುದು. ಹೀಗೆ ಆಲಿಸಿದ್ದರಿಂದ ಚಿತ್ರವನ್ನು ಕಟ್ಟಬಹುದೆಂದು 1973ರಲ್ಲಿ ತೋರಿಸಿದವರು ಪಾಲ್ ಲಾಟರ್‌ಬರ್. 2003ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರೊಡನೆ ನೊಬೆಲ್ ಪುರಸ್ಕಾರ ಪಡೆದರು.

ಆದರೆ ಒಂದು ಚಿತ್ರಕ್ಕೆ ಬೇಕಾದ ಮಾತನ್ನೆಲ್ಲ ಯಂತ್ರ ಒಮ್ಮೆಗೇ ಕೇಳಿಸಿಕೊಳ್ಳಲಾರದು. ಒಂದು ಬಡಿತಕ್ಕೆ ಕೆಲವು ಸಾಲು, ಮುಂದಿನ ಬಡಿತಕ್ಕೆ ಮತ್ತೆ ಕೆಲವು. ಹಳೆಯ ಓಲೆಗರಿಗಳೊಡನೆ ಕೆಲಸ ಮಾಡಿದವನಾದ್ದರಿಂದ ನನಗೆ ಇದು ಹೀಗೆ ಅರ್ಥವಾಯಿತು: ಒಂದು ಕಾವ್ಯದ ಗರಿಗಳೆಂದು ಕಟ್ಟಿನಲ್ಲಿ ಸಿಕ್ಕವನ್ನು ಅನುಕ್ರಮವಾಗಿ ಜೋಡಿಸುತ್ತ ಹೋಗುತ್ತೇವೆ, ಆಮೇಲೆ ನೋಡಿದರೆ ಅರ್ಧ ಗರಿಗಳು ಬೇರೊಂದು ಪ್ರತಿಯವು, ಪಾಠವೇ ಬೇರೆ. ಉಸಿರೆಳೆದಾಗಿನ ಹೃದಯದ ಸಾಲುಗಳೂ ಬಿಟ್ಟಾಗಿನ ಹೃದಯದ ಸಾಲುಗಳೂ ಬೆರೆತರೆ ಹಾಗೆಯೇ. ಅಂಚುಗಳು ಕದಡುವುದಷ್ಟೇ ಅಲ್ಲ, ಎದೆಯ ಗೋಡೆಯ ಮಸುಕು ನಕಲು ತನ್ನ ಸ್ಥಾನದಿಂದ ದೂರ ಹೋಗಿ ಹೃದಯದ ಮೇಲೆ ಬೀಳುತ್ತದೆ. ಇದಕ್ಕೆ ಅವರು ದೆವ್ವವೆಂದೇ ಹೆಸರಿಟ್ಟಿದ್ದಾರೆ. ನನ್ನ ಮೊದಲ ಚಿತ್ರದ ಕೆಳಗೋಡೆಯ ಮೇಲೆ ಕುಳಿತಿದ್ದದ್ದು ಇಂಥ ದೆವ್ವವೋ ಅಥವಾ ನಿಜವಾದ ಕಲೆಯೋ ಎಂಬುದೇ ವೈದ್ಯರ ಸಂದೇಹ.

ಮೊದಲು ಹೊಳೆದ ಉಪಾಯ ನಮ್ಮೆಲ್ಲರಿಗೂ ಹೊಳೆಯುವುದೇ: ಉಸಿರು ಬಿಗಿಹಿಡಿಯಿರಿ. 1991ರಲ್ಲಿ ಎಡೆಲ್‌ಮನ್ ಮತ್ತು ಸಂಗಡಿಗರು ಒಂದೇ ಉಸಿರಿನ ಬಿಗಿಯಲ್ಲಿ ಕಿರೀಟಧಮನಿಗಳನ್ನು ಕಾಣಬಹುದೆಂದು ತೋರಿಸಿದರು. ಎರಡು ವರ್ಷಗಳ ನಂತರ ಬಾಸ್ಟನ್ನಿನ ಮ್ಯಾನಿಂಗ್ ಮೊದಲಾದವರ ವರದಿ ಬಂದಾಗ ಲೋಕಕ್ಕೆ ಆಸೆ ಹುಟ್ಟಿತು. ಇಂದಿಗೂ ಹೃದಯದ ಎಂ.ಆರ್.ಐ.ನ ಬಹುಭಾಗ ಈ ಕ್ರಮದಲ್ಲಿಯೇ ನಡೆಯುತ್ತದೆ. ಉಸಿರು ಹಿಡಿಯಬಲ್ಲವರಿಗೆ ಅದಕ್ಕಿಂತ ಸುಲಭವಾದದ್ದಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಹಿಡಿದೆವೆಂದು ನಾವು ತಿಳಿದಾಗಲೂ ವಪೆ ಪೂರ್ತಿ ನಿಲ್ಲುವುದಿಲ್ಲ. ಮೆಲ್ಲಗೆ ಜಾರುತ್ತಲೇ ಇರುತ್ತದೆ. ಪ್ರತಿ ಸಲವೂ ಅದೇ ಎತ್ತರದಲ್ಲಿ ಹಿಡಿಯುವುದಂತೂ ಯಾರಿಗೂ ಸಾಧ್ಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯಾರ ಹೃದಯ ಹೆಚ್ಚು ಕೆಟ್ಟಿದೆಯೋ ಅವರಿಗೇ ಉಸಿರು ಕಡಿಮೆ. ಚಿತ್ರ ಯಾರಿಗೆ ಅತ್ಯಂತ ಅಗತ್ಯವೋ ಅವರ ಚಿತ್ರವೇ ಎಲ್ಲರದಕ್ಕಿಂತ ಮಸುಕು. ನನಗೆ ಅನ್ಯಾಯವೆಂದು ತೋರಿದ್ದು ಇದು.

ಯೋಗಿಗಳು ಹೃದಯವನ್ನೇ ನಿಲ್ಲಿಸುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಅದನ್ನು ಪರೀಕ್ಷಿಸಲೆಂದೇ 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರಾಸ್ ಇ.ಸಿ.ಜಿ. ಯಂತ್ರದೊಡನೆ ಭಾರತಕ್ಕೆ ಬಂದಿದ್ದರು. ಅನಂತರ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ನಮ್ಮ ದೇಶದಲ್ಲಿ ನಾಲ್ವರು ಸಾಧಕರನ್ನು ಪರೀಕ್ಷಿಸಿ 1961ರಲ್ಲಿ ವರದಿ ಬರೆದರು. ಮೂವರು ಉಸಿರು ಬಿಗಿಹಿಡಿದು ಎದೆ ಹೊಟ್ಟೆಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಮಣಿಕಟ್ಟಿನ ನಾಡಿ ಅಡಗಿತು, ಆದರೆ ಇ.ಸಿ.ಜಿ.ಯಲ್ಲಿ ಹೃದಯ ಬಡಿಯುತ್ತಲೇ ಇತ್ತು. ನಾಲ್ಕನೆಯವರು ಬೇರೆ ರೀತಿಯಲ್ಲಿ ಬಡಿತವನ್ನು ಗಮನಾರ್ಹವಾಗಿ ನಿಧಾನಗೊಳಿಸಿದರು. ನಿಲ್ಲಿಸಿದವರು ಯಾರೂ ಇಲ್ಲ. ಅಂಥವರ ಗತಿಯೇ ಅದಾದರೆ, ಮಹಡಿ ಹತ್ತಲಾರದ ಮೇಷ್ಟರ ಪಾಡೇನು?

ಆದುದರಿಂದ ಕೆಲವರು ಪ್ರಶ್ನೆಯನ್ನೇ ತಿರುವಿಹಾಕಿದರು. ರೋಗಿಯ ಉಸಿರನ್ನು ಯಂತ್ರದ ಹಿಡಿತಕ್ಕೆ ತರುವ ಬದಲು, ಯಂತ್ರವೇ ಉಸಿರಿನ ಬೆನ್ನು ಹಿಡಿದು ಹೋಗಬಾರದೇಕೆ? ಹೊಟ್ಟೆಗೆ ಗಾಳಿಪಟ್ಟಿಯೊಂದನ್ನು ಕಟ್ಟಿ ಅದರ ಉಬ್ಬಿಳಿತವನ್ನು ನೋಡಿಕೊಳ್ಳುವುದು ಒಂದು ರೀತಿ. 1985ರಲ್ಲಿ ಇಂಗ್ಲೆಂಡಿನ ಬೇಲ್ಸ್ ಮತ್ತು ಸಂಗಡಿಗರು ಸಾಲುಗಳನ್ನು ಉಸಿರಿನ ಸ್ಥಿತಿಗೆ ಹೊಂದುವ ಅನುಕ್ರಮದಲ್ಲಿ ಸಂಗ್ರಹಿಸುವ ಜಾಣತನ ತೋರಿದರು. ಆದರೆ ಪಟ್ಟಿ ಹೇಳುವುದು ಹೊಟ್ಟೆಯ ಮೇಲ್ಮೈಯ ಕಥೆ; ಒಳಗಿನ ವಪೆಯ ಕಥೆಯನ್ನು ಅದು ಊಹಿಸಬೇಕಷ್ಟೆ. 1989ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಿಚರ್ಡ್ ಎಹ್‌ಮನ್ ಮತ್ತು ಜೋಯೆಲ್ ಫೆಲ್ಮ್‌ಲಿ ವಪೆಯನ್ನೇ ನೇರವಾಗಿ ಕೇಳುವ ಉಪಾಯವನ್ನು ಪ್ರಕಟಿಸಿದರು. ಅದಕ್ಕೆ ನ್ಯಾವಿಗೇಟರ್, ಅಂದರೆ ಹಡಗಿಗೆ ದಾರಿ ತೋರುವ ನಾವಿಕ, ಎಂದು ಹೆಸರು.

ಈ ನಾವಿಕನ ಕೆಲಸ ನೋಡಿ. ಹೃದಯದ ಸಾಲುಗಳನ್ನು ಕೇಳಿಸಿಕೊಳ್ಳುವ ಮುನ್ನ, ಪ್ರತಿ ಬಡಿತದಲ್ಲಿಯೂ, ಯಂತ್ರ ಪೆನ್ಸಿಲಿನಷ್ಟು ಸಪುರವಾದ ಒಂದು ಕಂಬದ ಮೂಲಕ ಬಲಗಡೆಯ ವಪೆಯ ನೆತ್ತಿಯನ್ನು ಇಣುಕಿ ನೋಡುತ್ತದೆ. ಮೇಲೆ ಶ್ವಾಸಕೋಶ, ಗಾಳಿ. ಕೆಳಗೆ ಯಕೃತ್ತು, ನೀರು. ನೀರು ನುಡಿಯುತ್ತದೆ, ಗಾಳಿ ನುಡಿಯುವುದಿಲ್ಲ. ನಡುವಿನ ಗಡಿ ನಿಚ್ಚಳವಾಗಿ ಕಾಣುತ್ತದೆ. ಆ ಗಡಿ ಈಗ ಎಲ್ಲಿದೆ? ಉಸಿರು ಬಿಟ್ಟ ಕೊನೆಯಲ್ಲಿ ಅದು ತುಸು ಹೊತ್ತು ತಂಗುವ ಎಡೆಯಿದೆ. ಅಲ್ಲಿ ಐದು ಮಿಲಿಮೀಟರಿನಷ್ಟು ಎತ್ತರದ ಒಂದು ಕಿಟಕಿಯನ್ನು ಗೊತ್ತುಮಾಡಿರುತ್ತಾರೆ. ಗಡಿ ಕಿಟಕಿಯೊಳಗಿದ್ದರೆ ಆ ಬಡಿತದ ಸಾಲುಗಳು ಸ್ವೀಕೃತ. ಹೊರಗಿದ್ದರೆ ತಿರಸ್ಕೃತ, ಮುಂದೆ ಮತ್ತೆ ಕೇಳಿದರಾಯಿತು. ಕಿಟಕಿಯೊಳಗಿನ ಸಣ್ಣ ಓಲಾಟವನ್ನೂ, ಆಗ ಹೇಳಿದ ಹತ್ತರಲ್ಲಿ ಆರರ ಲೆಕ್ಕದಿಂದ ತಿದ್ದಿಕೊಳ್ಳಬಹುದು. ರೋಗಿ ಮಾಡಬೇಕಾದ್ದು ಇಷ್ಟೇ: ಉಸಿರಾಡುತ್ತಿರುವುದು. ಹೀಗೆ ಉಸಿರಾಡಿಕೊಂಡಿದ್ದ 109 ರೋಗಿಗಳ ಕಿರೀಟಧಮನಿಗಳ ಚಿತ್ರಗಳನ್ನು ಹಲವು ಆಸ್ಪತ್ರೆಗಳವರು ಕೂಡಿ ಪರೀಕ್ಷಿಸಿದ ವರದಿ 2001ರಲ್ಲಿ ಬಂತು. ಆ ಧಮನಿಗಳ ಮಟ್ಟಿಗೆ ಮುಂದೆ ಸಿ.ಟಿ. ಯಂತ್ರವೇ ಮೇಲುಗೈ ಪಡೆಯಿತು, ಅದು ಬೇರೆ ಮಾತು. ನಾವಿಕನ ಉಪಾಯ ಮಾತ್ರ ಉಳಿದುಕೊಂಡಿತು.

ಅದಕ್ಕೂ ಕೊರತೆಯಿದೆ. ಅರ್ಧಕ್ಕಿಂತ ಹೆಚ್ಚು ಬಡಿತಗಳು ತಿರಸ್ಕಾರದ ಬುಟ್ಟಿಗೆ ಹೋಗುವುದು ಸಾಮಾನ್ಯ. ರೋಗಿ ನಡುವೆ ನಿದ್ರೆ ಹೋಗಿ ಉಸಿರಿನ ನೆಲೆ ಬದಲಾದರೆ ಕಿಟಕಿ ಖಾಲಿ ಬೀಳುತ್ತದೆ. ಹತ್ತು ನಿಮಿಷದ ಕೆಲಸ ಇಪ್ಪತ್ತಾಗುತ್ತದೆ. ಗ್ರಂಥಸಂಪಾದಕನಿಗೆ ಇದು ಸಹಿಸದ ಮಾತು. ಪಾಠ ಹೊಂದಲಿಲ್ಲವೆಂದು ಯಾರಾದರೂ ಗರಿಯನ್ನು ಎಸೆಯುತ್ತಾರೆಯೆ? ಬೇರೆ ಕಟ್ಟಿನಲ್ಲಿ ಇಟ್ಟುಕೊಳ್ಳುತ್ತೇವೆ. ಈಚಿನವರು ಅದನ್ನೇ ಮಾಡಿದ್ದಾರೆ. 2016ರಲ್ಲಿ ನ್ಯೂಯಾರ್ಕಿನ ಲೀ ಫೆಂಗ್, ರಿಕಾರ್ಡೊ ಒಟಾಜೊ ಮೊದಲಾದವರು ಪ್ರಕಟಿಸಿದ ಕ್ರಮದಲ್ಲಿ ಯಾವ ಸಾಲನ್ನೂ ಬಿಡುವುದಿಲ್ಲ. ಬೇರೆ ನಾವಿಕನೂ ಬೇಕಿಲ್ಲ. ಬಂದ ಸಂಜ್ಞೆಗಳಲ್ಲಿಯೇ ಉಸಿರಿನ ಗುರುತು ಅಡಗಿರುತ್ತದೆ. ಅದನ್ನು ಓದಿ, ಎಳೆದಾಗಿನವು, ನಡುವಿನವು, ಬಿಟ್ಟಾಗಿನವು ಎಂದು ಕಟ್ಟುಕಟ್ಟಾಗಿ ವಿಂಗಡಿಸಿ, ಒಂದರ ಕೊರತೆಯನ್ನು ಪಕ್ಕದ ಕಟ್ಟಿನ ಸಾದೃಶ್ಯದಿಂದ ತುಂಬಿಕೊಳ್ಳುತ್ತಾರೆ. ಹೀಗೆ ಉಸಿರು ಚಿತ್ರವನ್ನು ಕೆಡಿಸುವ ಬದಲು ಚಿತ್ರದ ಒಂದು ಆಯಾಮವೇ ಆಗುತ್ತದೆ.

ಉಸಿರು ಹಿಡಿಯಿರೆಂದು ಕೇಳುವುದೇ ಸಾಧ್ಯವಿಲ್ಲದ ಪರೀಕ್ಷೆಗಳೂ ಇವೆ. ಪೆಟ್ ಎಂಬ ವಿಕಿರಣದ ಪರೀಕ್ಷೆಯಲ್ಲಿ ನಿಮಿಷಗಟ್ಟಲೆ ಸಂಜ್ಞೆ ಸಂಗ್ರಹಿಸಬೇಕು. ಅದನ್ನು ತಿದ್ದಲು ಬಳಸುವ ಸಿ.ಟಿ. ಚಿತ್ರವಾದರೋ ಕ್ಷಣದಲ್ಲಿ ಮುಗಿಯುತ್ತದೆ. ಒಂದು ಉಸಿರಿನ ಒಂದು ಬಿಂದು; ಇನ್ನೊಂದು ನೂರು ಉಸಿರಿನ ಸರಾಸರಿ. ಎರಡನ್ನೂ ಒಂದರ ಮೇಲೊಂದಿಟ್ಟಾಗ ಅಂಚು ತಪ್ಪಿದರೆ, ಆರೋಗ್ಯವಾಗಿರುವ ಹೃದಯದಲ್ಲಿ ರಕ್ತ ಹರಿಯದ ಜಾಗವೊಂದು ಸುಳ್ಳುಸುಳ್ಳಾಗಿ ಕಾಣುತ್ತದೆ. ಅಮೆರಿಕದ ಹ್ಯೂಸ್ಟನ್ನಿನ ಲ್ಯಾನ್ಸ್ ಗೂಲ್ಡ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 259 ರೋಗಿಗಳ ಪೈಕಿ ಸುಮಾರು 40 ಪ್ರತಿಶತ ಮಂದಿಯಲ್ಲಿ ಇಂಥ ಸುಳ್ಳುಕಲೆ ಕಂಡಿತ್ತು. ಅದನ್ನು ಗುರುತಿಸಿ ಅಂಚನ್ನು ಸರಿಹೊಂದಿಸಿದ ಮೇಲೆ ನಿಜ ತಿಳಿಯಿತು. ಗುರುತಿಸದೆ ಹೋಗಿದ್ದರೆ ಎಷ್ಟು ಮಂದಿ ಇಲ್ಲದ ರೋಗಕ್ಕೆ ಮುಂದಿನ ಪರೀಕ್ಷೆಗಳಿಗೆ ಗುರಿಯಾಗುತ್ತಿದ್ದರೋ ಯೋಚಿಸಿ.

ಇನ್ನು ನನ್ನ ಕಥೆಗೆ ಬರುತ್ತೇನೆ. ಎರಡು ತಿಂಗಳಾದ ಮೇಲೆ ಬೇರೊಂದು ಕಡೆ ಎರಡನೆಯ ಬಾರಿ ಮಲಗಿದೆ. ಅಲ್ಲಿದ್ದವಳು ಒಬ್ಬ ಚುರುಕಾದ ಹುಡುಗಿ. ಹಿಂದಿನ ವರದಿಯನ್ನು ಓದಿ, "ಮೇಷ್ಟ್ರೆ, ಈ ಸಲ ನೀವೇನೂ ಮಾಡಬೇಡಿ, ಸುಮ್ಮನೆ ಉಸಿರಾಡಿ. ಉಳಿದದ್ದು ನಾವು ನೋಡ್ಕೋತೀವಿ" ಎಂದಳು. ಕೇಳಿದೊಡನೆ ನನ್ನ ಉಸಿರು ಅಡ್ಡಾದಿಡ್ಡಿಯಾಯಿತು. ಯಾರೋ ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ಸಹಜವಾಗಿ ಉಸಿರಾಡುವುದು ಎಷ್ಟು ಕಷ್ಟವೆಂಬುದನ್ನು ನೀವೇ ಈಗ ಪ್ರಯತ್ನಿಸಿ ನೋಡಬಹುದು. ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಅವಳ ಧ್ವನಿ: "ಮೇಷ್ಟ್ರೆ, ಉಸಿರನ್ನ ನೆನೆಸ್ಕೋಬೇಡಿ. ಬೇರೆ ಏನಾದ್ರೂ ನೆನೆಸ್ಕೊಳ್ಳಿ. ನಿಮ್ಮ ಪದ್ಯ ಗಿದ್ಯ."

ಮನಸ್ಸಿನಲ್ಲಿಯೇ ಭಾಮಿನಿಯ ಲಯವನ್ನು ಹಿಡಿದೆ. ಮೂರು ನಾಲ್ಕು, ಮೂರು ನಾಲ್ಕು. ಎಷ್ಟು ಪದ್ಯ ದಾಟಿದೆನೋ ತಿಳಿಯದು. ಎಲ್ಲಿ ಉಸಿರು ತೆಗೆದುಕೊಂಡೆನೋ ಅದೂ ತಿಳಿಯದು. ಹೊರಬಂದಾಗ ಅವಳು ತೆರೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದಳು. ಕಪ್ಪು ಬಯಲಿನಲ್ಲಿ ಬಿಳಿಯ ಅಲೆ, ಏರುತ್ತ ಇಳಿಯುತ್ತ. ಮೊದಲು ಗಾಬರಿಯ ಒರಟು ಗೆರೆಗಳು, ಆಮೇಲೆ ಸಮ. ಇಳಿದ ಕಡೆಗಳಲ್ಲಿ ಬಿಟ್ಟುಬಿಟ್ಟು ಹಸಿರು ಗುರುತುಗಳು: ಸ್ವೀಕೃತವಾದ ಬಡಿತಗಳು. "ನೂರಕ್ಕೆ ನಲವತ್ತಾರು ಬಂದಿದೆ, ಒಳ್ಳೇದೇ" ಎಂದಳು. ಜೀವಮಾನದಲ್ಲಿ ನಲವತ್ತಾರು ಅಂಕಕ್ಕೆ ಅಷ್ಟು ಸಂತೋಷಪಟ್ಟವನಲ್ಲ.

ಕಲೆ ಇತ್ತು. ಕೆಳಗೋಡೆಯಲ್ಲಿ, ಬೆರಳ ತುದಿಯಷ್ಟು, ಬೆಳ್ಳಗೆ. ರಕ್ತಕ್ಕೆ ಸೇರಿಸಿದ ಗೆಡೊಲಿನಿಯಮ್ ಎಂಬ ವಸ್ತು ಸತ್ತ ಸ್ನಾಯುವಿನಲ್ಲಿ ಹೆಚ್ಚು ಹೊತ್ತು ತಂಗುವುದರಿಂದ ಹಾಗೆ ಬೆಳಗುತ್ತದಂತೆ. ಐದು ವರ್ಷಗಳ ಹಿಂದೆ ಮದುವೆಯೊಂದರಿಂದ ಬಂದ ರಾತ್ರಿ ಎದೆಯುರಿಯೆಂದು ಜೀರಿಗೆ ಕಷಾಯ ಕುಡಿದು ಮಲಗಿದ್ದುದು ಆಗ ನೆನಪಾಯಿತು. ಮನೆಯವರಿಗೂ ನೆನಪಾಯಿತು, ಅವರು ಏನೂ ಹೇಳಲಿಲ್ಲ. ಈಗ ದಿನಕ್ಕೆ ನಾಲ್ಕು ಮಾತ್ರೆ, ಸಂಜೆ ನಡಿಗೆ. ಮಹಡಿಯನ್ನು ನಡುವೆ ಒಮ್ಮೆ ನಿಂತು ಹತ್ತುತ್ತೇನೆ.

ಬೀಳ್ಕೊಳ್ಳುವಾಗ ಆ ಹುಡುಗಿಗೆ, ಉಸಿರು ಹಿಡಿಯಲೇಬೇಕಾದ ರೋಗಿಗಳಿಗೆ ಕನ್ನಡದಲ್ಲಿ ಏನು ಹೇಳುತ್ತೀಯಮ್ಮಾ ಎಂದು ಕೇಳಿದೆ. ಅವಳೂ "ನಿಲ್ಲಿಸಿ" ಎಂದೇ ಹೇಳುತ್ತಿದ್ದಳು. ಒಂದು ಚೀಟಿ ತರಿಸಿ, "ಉಸಿರು ತೆಗೆದುಕೊಳ್ಳಿ. ಬಿಡಿ. ಹಾಗೇ ಬಿಗಿಹಿಡಿದಿರಿ. ಆಯಿತು, ಉಸಿರಾಡಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಮೂರು ತಿಂಗಳ ನಂತರ ತಪಾಸಣೆಗೆ ಹೋದಾಗ ಚೀಟಿ ಅವಳ ಮೇಜಿನ ಗಾಜಿನ ಕೆಳಗೆ ಇತ್ತು. "ಬಿಗಿಹಿಡಿದಿರಿ" ಎಂಬುದನ್ನು ಹೊಡೆದುಹಾಕಿ ಯಾರೋ "ಹಿಡ್ಕೊಳ್ಳಿ" ಎಂದು ತಿದ್ದಿದ್ದರು. ತಿದ್ದುಪಡಿ ಸರಿಯಾಗಿಯೇ ಇದೆ.